ದಿ ಕ್ರೂ: ಸರ್ವರ್‌ನೊಂದಿಗೇ ಸ್ಥಗಿತಗೊಂಡ ಕಾರ್ ರೇಸ್

ಫ್ರಾನ್ಸ್‌ನ ಯೂಬಿಸಾಫ್ಟ್ ಸಂಸ್ಥೆಯು ಕಂಪ್ಯೂಟರ್ ಹಾಗೂ ಗೇಮ್ ಕನ್ಸೋಲ್‌ಗಳಿಗಾಗಿ 2014ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಕಾರ್ ರೇಸ್ ಆಟ ‘ದಿ ಕ್ರೂ’. ಇದನ್ನು ಮುಖ್ಯವಾಗಿ ರೂಪಿಸಿದ್ದು ಲಿಯಾನ್ ನಗರದ ಐವರಿ ಟವರ್ ಸ್ಟುಡಿಯೊ.

ನಿಗದಿತ ಟ್ರ್ಯಾಕ್‌ಗಳ ಬದಲು ಅಮೆರಿಕದ ಭೂಪಟವನ್ನೇ ಕುಗ್ಗಿಸಿ ಕಟ್ಟಿದ ಮುಕ್ತ ಲೋಕ ಇದರ ವೈಶಿಷ್ಟ್ಯ. ನ್ಯೂಯಾರ್ಕ್‌ನಿಂದ ಹೊರಟ ಆಟಗಾರ ಎಲ್ಲಿಯೂ ತಡೆಯಿಲ್ಲದೆ ಲಾಸ್ ಏಂಜಲೀಸ್‌ವರೆಗೆ ಕಾರು ಓಡಿಸಬಹುದಿತ್ತು. ನೈಜ ಚಾಲನೆಯ ಕಟ್ಟುಪಾಡುಗಳಿಗಿಂತ ವೇಗದ ರೋಮಾಂಚನಕ್ಕೇ ಇಲ್ಲಿ ಆದ್ಯತೆ.

ಆದರೆ ಒಬ್ಬರೇ ಆಡುವಾಗಲೂ ಸಂಸ್ಥೆಯ ಸರ್ವರ್ ಸಂಪರ್ಕ ಕಡ್ಡಾಯವಾಗಿತ್ತು. 2023ರ ಡಿಸೆಂಬರ್‌ನಲ್ಲಿ ಮಾರಾಟ ನಿಲ್ಲಿಸಿದ ಯೂಬಿಸಾಫ್ಟ್, ಸರ್ವರ್ ವ್ಯವಸ್ಥೆ ಹಾಗೂ ಪರವಾನಗಿಯ ಮಿತಿಗಳನ್ನು ಕಾರಣವಾಗಿ ನೀಡಿ 2024ರ ಮಾರ್ಚ್ 31ರಂದು ಸರ್ವರ್‌ಗಳನ್ನು ಸ್ಥಗಿತಗೊಳಿಸಿತು. ಹಣ ತೆತ್ತು ಡಿಸ್ಕ್ ಕೊಂಡವರ ಪಾಲಿಗೂ ಆಟ ಇಲ್ಲವಾಯಿತು.

ಇದನ್ನು ವಿರೋಧಿಸಿ ಅದೇ ಏಪ್ರಿಲ್‌ನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಆರಂಭವಾಯಿತು. ಅದು ಬೆಂಬಲಿಸಿದ ಐರೋಪ್ಯ ಒಕ್ಕೂಟದ ನಾಗರಿಕ ಮನವಿಗೆ 2025ರ ಜುಲೈನಲ್ಲಿ ಸಹಿಗಳ ಸಂಖ್ಯೆ 10 ಲಕ್ಷ ದಾಟಿತು. ದೊರೆಯುವುದು ಪರವಾನಗಿ ಮಾತ್ರ ಎಂದು ಸ್ಪಷ್ಟಪಡಿಸದೆ ಇಂಥ ಡಿಜಿಟಲ್ ಆಟಗಳಿಗೆ ‘ಖರೀದಿ’ ಎಂಬ ಪದ ಬಳಸುವುದನ್ನು ಕ್ಯಾಲಿಫೋರ್ನಿಯಾದ ಕಾಯ್ದೆಯೊಂದು 2025ರ ಜನವರಿಯಿಂದ ನಿರ್ಬಂಧಿಸಿದೆ.