ಗಣಿಯೂರಿನ ಒಡವೆ, ಬಂಗಾರಪೇಟೆಯ ಒರೆಗಲ್ಲು

ಕೆಜಿಎಫ್ ಕಡೆಯಿಂದ ಹಳೇ ಒಡವೆ ತರುವವರು ಗಂಟು ಬಿಚ್ಚುವ ಮೊದಲೇ ಹೇಳುತ್ತಾರೆ: “ಇದು ಗಣಿ ಚಿನ್ನ ಅಣ್ಣಾ. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿದ್ರು.” ಬಂಗಾರಪೇಟೆಯಲ್ಲಿ ಮೂರು ತಲೆಮಾರು ಅಕ್ಕಸಾಲಿ ಕೆಲಸ ಮಾಡಿಕೊಂಡು ಬಂದ ಮನೆ ನಮ್ಮದು. ಈ ಮಾತಿಗೆ ನಮ್ಮ ತಾತ ಹೂಂಗುಟ್ಟಿ ಒರೆಗಲ್ಲು ಎತ್ತಿಕೊಳ್ಳುತ್ತಿದ್ದರಂತೆ. ನಾನೂ ಹಾಗೇ ಮಾಡುತ್ತೇನೆ. ಗಣಿಯಲ್ಲಿ ದುಡಿದದ್ದು ನಿಜ. ಒಡವೆಯ ಚಿನ್ನ ಅದೇ ಗಣಿಯದು ಎನ್ನುವುದಕ್ಕೆ ಮಾತ್ರ ಆಧಾರ ಸಿಗುವುದಿಲ್ಲ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿದಾಗಿನಿಂದ 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ ಆ ನೆಲದಿಂದ ಸುಮಾರು 800 ಟನ್ ಚಿನ್ನ ಎದ್ದಿತು. ಊರಿನ ಅಂಗಡಿಗೆ ಅದು ಇಳಿಯಲಿಲ್ಲ. ಬ್ರಿಟಿಷರ ಕಾಲದಲ್ಲಿ ಗಟ್ಟಿಗಳು ಕಾವಲಿನಲ್ಲಿ ಹೊರಟು ಹಡಗು ಹತ್ತಿ ಲಂಡನ್ ಸೇರುತ್ತಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಕೊಳ್ಳುವ ದೊರೆ ಸರ್ಕಾರವೇ ಆಯಿತು. ಬಹುಕಾಲ ಕೊಟ್ಟದ್ದು ಅಂತರರಾಷ್ಟ್ರೀಯ ಅಧಿಕೃತ ದರ, ಪೇಟೆಯ ಬೆಲೆಗಿಂತ ಎಷ್ಟೋ ಕಡಿಮೆ. ಗಣಿಗೆ ನಷ್ಟವಾದದ್ದಕ್ಕೆ ಇದೂ ಒಂದು ಕಾರಣ. ಪಾಳಿ ಮುಗಿಸಿ ಮೇಲೆ ಬಂದವನು ಮಗಳ ಮದುವೆಗೆ ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಎಲ್ಲರ ಹಾಗೇ ಪೇಟೆಯ ಬೆಲೆ ಕೊಟ್ಟು ಸವರನ್ ಲೆಕ್ಕದಲ್ಲಿ ಚಿನ್ನ ಕೊಳ್ಳಬೇಕಿತ್ತು.

ಚಿನ್ನ ಪರೀಕ್ಷಿಸುವ ಎರಡು ವಿದ್ಯೆಗಳು ಹತ್ತು ಮೈಲಿ ಅಂತರದಲ್ಲಿ ಬೇರೆಬೇರೆಯಾಗಿ ಬದುಕಿದ್ದವು. ಗಣಿಯದು ಬೆಂಕಿಯ ಪರೀಕ್ಷೆ. ಮಾದರಿಯನ್ನು ಸೀಸದ ಜೊತೆ ಮೂಳೆಬೂದಿಯಂಥ ವಸ್ತುವಿನ ಪುಟ್ಟ ಬಟ್ಟಲಲ್ಲಿಟ್ಟು ಕುಲುಮೆಗೆ ಹಾಕಿದರೆ ಸೀಸವೂ ತಾಮ್ರವೂ ಬಟ್ಟಲಿಗೆ ಇಂಗಿಹೋಗುತ್ತವೆ. ಉಳಿದ ಮಣಿಯಿಂದ ಬೆಳ್ಳಿಯನ್ನು ನೈಟ್ರಿಕ್ ಆಮ್ಲ ಕರಗಿಸುತ್ತದೆ. ಕೊನೆಗೆ ತೂಗುವುದು ಬರೀ ಚಿನ್ನ. ಟನ್ ಕಲ್ಲಿನಲ್ಲಿರುವ ಕೆಲವೇ ಗ್ರಾಂ ಚಿನ್ನವನ್ನು ಲೆಕ್ಕ ಹಿಡಿಯಲು ಬೇಕಾದ ವಿದ್ಯೆ ಇದು.

ನಮ್ಮದು ಕೌಟಿಲ್ಯನೂ ಬಲ್ಲ ಒರೆಗಲ್ಲು. ಒಡವೆಯ ಗೆರೆಯ ಪಕ್ಕ ಗೊತ್ತಿರುವ ಮಾಪಿನ, ಅಂದರೆ ಶುದ್ಧತೆಯ, ಚಿನ್ನದ ಗೆರೆ ಎಳೆದು, ಆಮ್ಲದ ಹನಿ ಬಿಟ್ಟು, ಯಾವುದು ಮಾಸುತ್ತದೆ, ಯಾವುದು ನಿಲ್ಲುತ್ತದೆ ಎಂದು ನೋಡುವುದು. ಪಳಗಿದ ಕಣ್ಣಿಗೆ ಬಹಳಷ್ಟು ತಿಳಿಯುತ್ತದೆ. ಆದರೆ ಕಲ್ಲು ಮುಟ್ಟುವುದು ಮೇಲಿನ ಪದರವನ್ನಷ್ಟೇ. ಒಳಗಿನ ಬೆಸುಗೆ ಅದಕ್ಕೆ ಕಾಣದು.

ಹಳೇ ಒಡವೆಯಲ್ಲಿ ಕಾಲದ ಗುರುತೂ ಇರುತ್ತದೆ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ತಂದ ಚಿನ್ನ ನಿಯಂತ್ರಣದಲ್ಲಿ 14 ಕ್ಯಾರೆಟ್ ಮೀರಿದ ಹೊಸ ಒಡವೆ ಮಾಡುವಂತಿರಲಿಲ್ಲ. 14 ಕ್ಯಾರೆಟ್ ಎಂದರೆ ನೂರಕ್ಕೆ 58ರಷ್ಟು ಚಿನ್ನ. ಆಗ ತಾತ ಬೆಳ್ಳಿ ಕಾಲುಚೈನು ಮಾಡಿ ಸಂಸಾರ ತೂಗಿಸಿದರು. ದೇಶದಲ್ಲಿ ಎಷ್ಟೋ ಅಕ್ಕಸಾಲಿಗಳು ಕಸುಬನ್ನೇ ಬಿಟ್ಟರು. ಮಿತಿ ಕೆಲವೇ ವರ್ಷದಲ್ಲಿ ಸಡಿಲಾಯಿತು, ಚಿನ್ನ ನಿಯಂತ್ರಣದ 1968ರ ಕಾಯ್ದೆ 1990ರಲ್ಲಿ ರದ್ದಾಯಿತು. ಆ ಕೆಲವು ವರ್ಷಗಳಲ್ಲಿ ಮದುವೆಯಾದವರ ಸರ ಒರೆಯಲ್ಲಿ ಪೇಲವವಾಗಿ ಬಂದರೆ ಅಕ್ಕಸಾಲಿಯನ್ನು ಕಳ್ಳ ಅನ್ನಬೇಡಿ. ಕಾನೂನೇ ಅಷ್ಟು ಹೇಳಿತ್ತು.

ಕಾಸಿನ ಸರದಲ್ಲಿ ನಿಜವಾದ ಸವರನ್ ಇದ್ದರೆ ಒಂದೊಂದೂ 7.98 ಗ್ರಾಂ, 22 ಕ್ಯಾರೆಟ್. 1918ರ ಇಸವಿಯ ಮೇಲೆ ಪುಟ್ಟ ‘ಐ’ ಅಕ್ಷರವಿದ್ದರೆ ಅದು ಬೊಂಬಾಯಿಯಲ್ಲೇ ಅಚ್ಚಾದದ್ದು; ಕೊಂಡಿ ಬೆಸೆಯದೆ ಉಳಿದಿದ್ದರೆ ನಾಣ್ಯ ಸಂಗ್ರಹಿಸುವವರು ಚಿನ್ನದ ಬೆಲೆಗಿಂತ ಹೆಚ್ಚು ಕೊಡಬಹುದು. ತೆಳು ತಗಡಿನ ಕಾಸುಗಳಾದರೆ ತಕ್ಕಡಿಯೇ ಹೇಳುತ್ತದೆ. ಟೊಳ್ಳು ಗುಂಡಿನೊಳಗೆ ಅರಗು ತುಂಬಿರುತ್ತದೆ, ಅದನ್ನು ತೂಕದಿಂದ ಕಳೆಯಬೇಕು. ಕೆಂಪು ಕಲ್ಲಿನ ಬೆಂಡೋಲೆ ಬಂದರೆ ನಾನು ಬೆಲೆ ಹೇಳುವುದಿಲ್ಲ. ಫ್ರಾನ್ಸಿನ ವೆರ್ನ್ಯೂಯಿ 1902ರಲ್ಲಿ ಕುಲುಮೆಯ ಮಾಣಿಕ್ಯ ಮಾಡುವ ವಿಧಾನ ಪ್ರಕಟಿಸಿದ ಮೇಲೆ ಅಜ್ಜಿಯ ಕಾಲದ ಕಲ್ಲು ಎಂಬುದು ಅಸಲಿ ಎಂಬುದಕ್ಕೆ ಸಾಕ್ಷಿಯಲ್ಲ. ಅದನ್ನು ರತ್ನ ಪರೀಕ್ಷೆಯ ಪ್ರಯೋಗಾಲಯವೇ ಹೇಳಬೇಕು.

ಗಣಿ ಮುಚ್ಚಿದ ಮೇಲೆ ಬಂದ ಒಡವೆಗಳು ಹೆಚ್ಚಾಗಿ ಮಾರಾಟಕ್ಕೋ ಗಿರವಿಗೋ ಬಂದವು. ಅವಸರದಲ್ಲಿದ್ದವರು ಕೇಳಿದ್ದು ‘ಎಷ್ಟು ಕೊಡ್ತೀರಿ’ ಎಂದಷ್ಟೇ; ‘ಎಷ್ಟು ಮಾಪು’ ಎಂದು ಕೇಳಿದವರು ಕಡಿಮೆ. ಈಗ ಆ ಪ್ರಶ್ನೆಗೆ ನನ್ನ ಕಣ್ಣನ್ನೇ ನಂಬಬೇಕಿಲ್ಲ. ಬಿಐಎಸ್ ಹಾಲ್‌ಮಾರ್ಕ್ 2000ದಲ್ಲಿ ಬಂತು, 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಯಿತು. ಕಡ್ಡಾಯ ಇರುವುದು ಅಂಗಡಿಯವರು ಮಾರುವ ಒಡವೆಗೆ. ಮನೆಯಲ್ಲಿರುವ ಹಳೆಯದನ್ನು ಗುರುತಿಲ್ಲದೆಯೂ ಮಾರಬಹುದು. ಬಿಐಎಸ್ ಮಾನ್ಯತೆಯ ಕೇಂದ್ರಗಳು ಶುಲ್ಕ ಪಡೆದು ಯಾರ ಒಡವೆಯನ್ನಾದರೂ ಪರೀಕ್ಷಿಸಿ ವರದಿ ಕೊಡುತ್ತವೆ. ಅಲ್ಲಿ ಬಳಸುವ ವಿಧಾನಗಳಲ್ಲಿ ಒಂದು, ಹಿಂದೆ ಗಣಿಯಲ್ಲಿ ನಡೆದ ಅದೇ ಬೆಂಕಿಯ ಪರೀಕ್ಷೆ.

ಆದ್ದರಿಂದ ಅಜ್ಜಿಯ ಒಡವೆ ನಿಮ್ಮ ಪಾಲಿಗೆ ಬಂದರೆ ಮೊದಲು ಕಣ್ಣೆದುರೇ ತೂಗಿಸಿ, ಕಲ್ಲು-ಅರಗು ಕಳೆದ ತೂಕ ಬರೆಸಿಕೊಳ್ಳಿ, ಆಮೇಲೆ ಪರೀಕ್ಷೆಗೆ ಕೊಡಿ. ಕರಗಿಸುವ ಮಾತು ಎಲ್ಲಕ್ಕಿಂತ ಕೊನೆಗೆ. ಕರಗಿದ ಮೇಲೆ ಕುಸುರಿಗೂ ನಾಣ್ಯದ ಇಸವಿಗೂ ಯಾರೂ ಬೆಲೆ ಕಟ್ಟುವುದಿಲ್ಲ.