ಆರಾಧನೆಯಲ್ಲಿ ವಾದ್ಯ: ಆರ್ಗನ್ನಿನಿಂದ ಹಾರ್ಮೋನಿಯಂವರೆಗೆ

ಆರ್ಗನ್ ವಾದ್ಯವನ್ನು ಬಿಟ್ಟು ಚರ್ಚಿನ ಸಂಗೀತವನ್ನು ಕಲ್ಪಿಸಿಕೊಳ್ಳುವುದು ಇಂದು ಹಲವರಿಗೆ ಕಷ್ಟವಾದರೂ, ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಕ್ರೈಸ್ತ ಆರಾಧನೆ ನಡೆದದ್ದು ಯಾವ ವಾದ್ಯದ ನೆರವೂ ಇಲ್ಲದೆ, ಬರಿಯ ಕಂಠದಿಂದಲೇ. ಜೆರುಸಲೇಮಿನ ದೇವಾಲಯದಲ್ಲಿ ತುತೂರಿ, ಕಿನ್ನರಿ, ತಾಳಗಳು ಮೊಳಗುತ್ತಿದ್ದವೆಂಬುದಕ್ಕೆ ಹಳೆಯ ಒಡಂಬಡಿಕೆಯ ಕೀರ್ತನೆಗಳೇ ಸಾಕ್ಷಿಯಾಗಿದ್ದು, ಆದಿಕ್ರೈಸ್ತರು ಆ ಕೀರ್ತನೆಗಳನ್ನು ಹಾಡುತ್ತಿದ್ದರೇ ಹೊರತು ಅವುಗಳಲ್ಲಿ ಹೆಸರಿಸಿದ ವಾದ್ಯಗಳನ್ನು ಕೈಗೆತ್ತಿಕೊಳ್ಳಲಿಲ್ಲ. ಸಭಾಪಿತೃಗಳಿಗೆ, ಎಂದರೆ ಆ ಕಾಲದಲ್ಲಿ ಧರ್ಮಸಿದ್ಧಾಂತವನ್ನು ರೂಪಿಸಿದ ಆಚಾರ್ಯರಿಗೆ, ಕೊಳಲು ಮತ್ತು ತಂತಿವಾದ್ಯಗಳ ನಾದ ಕೇಳಿದೊಡನೆ ನೆನಪಾಗುತ್ತಿದ್ದುದು ನಾಟಕಶಾಲೆ, ಪಾನಗೋಷ್ಠಿ ಮತ್ತು ಅನ್ಯದೇವತೆಗಳ ಉತ್ಸವ. ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ಔತಣಕೂಟದ ವಾದ್ಯಗಳನ್ನು ಕಟುವಾಗಿ ನಿಂದಿಸಿದರೆ, ನಾಲ್ಕನೆಯ ಶತಮಾನದ ಯೋಹಾನ ಕ್ರಿಸೋಸ್ತೋಮ್ ಪ್ರಾಚೀನ ಇಸ್ರಾಯೇಲರಿಗೆ ವಾದ್ಯಗಳನ್ನು ಅನುಮತಿಸಿದ್ದು ಅವರ ದೌರ್ಬಲ್ಯವನ್ನು ಕಂಡು ದೇವರು ತೋರಿದ ರಿಯಾಯಿತಿಯೆಂದು ವ್ಯಾಖ್ಯಾನಿಸಿದನು. ಇಲ್ಲಿ ವಿಚಾರಣೆಗೆ ಒಳಗಾದದ್ದು ನಾದಕ್ಕಿಂತ ಹೆಚ್ಚಾಗಿ ಅದರ ಸಹವಾಸ. ಮುಂದಿನ ಶತಮಾನಗಳಲ್ಲಿ ಎದ್ದ ಅನೇಕ ವಿವಾದಗಳ ಬೇರೂ ಅಲ್ಲಿಯೇ ಇದೆ.

ಈ ದೃಷ್ಟಿಯಿಂದ ಆರ್ಗನ್ನಿನ ಚರಿತ್ರೆ ಅತ್ಯಂತ ಕುತೂಹಲಕರವಾದುದು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಯಂತ್ರಶಿಲ್ಪಿ ಕ್ತೆಸಿಬಿಯಸ್ ನಿರ್ಮಿಸಿದನೆನ್ನಲಾದ ಇದರ ಪೂರ್ವರೂಪವು ನೀರಿನ ಒತ್ತಡದಿಂದ ಗಾಳಿಯನ್ನು ಸಮಸ್ಥಿತಿಯಲ್ಲಿಟ್ಟು ಕೊಳವೆಗಳಿಗೆ ಹರಿಸುತ್ತಿದ್ದ ಜಲವಾದ್ಯವಾಗಿದ್ದು, ರೋಮನ್ನರ ಕಾಲದಲ್ಲಿ ಅದು ಕ್ರೀಡಾಂಗಣಗಳಲ್ಲಿ ಖಡ್ಗಮಲ್ಲರ ಕಾಳಗಕ್ಕೆ ಹಿಮ್ಮೇಳವಾಗಿ ಮೊಳಗುತ್ತಿತ್ತು. ಲಿಬಿಯಾದ ಜ್ಲಿಟೆನ್‌ನಲ್ಲಿ ದೊರೆತ ನೆಲಚಿತ್ರವೊಂದರಲ್ಲಿ ಕಾಳಗದ ದೃಶ್ಯದೊಡನೆ ಈ ವಾದ್ಯವೂ ಚಿತ್ರಿತವಾಗಿದೆ. ಅಲ್ಲಿಂದ ಬೈಜಾಂಟಿಯಮ್ಮಿನ ಅರಮನೆಯನ್ನು ಸೇರಿ ಚಕ್ರವರ್ತಿಯ ವೈಭವದ ಲಾಂಛನವಾದ ಅದನ್ನು 757ರಲ್ಲಿ ಐದನೆಯ ಕಾನ್‌ಸ್ಟಂಟೈನನು ಫ್ರಾಂಕರ ದೊರೆ ಪೆಪಿನ್‌ಗೆ ಉಡುಗೊರೆಯಾಗಿ ಕಳುಹಿಸಿದಾಗ, ಪಶ್ಚಿಮ ಯುರೋಪಿಗೆ ಬಂದದ್ದು ರಾಜತಾಂತ್ರಿಕ ಕಾಣಿಕೆಯೇ ಹೊರತು ಪೂಜಾಸಾಮಗ್ರಿಯಲ್ಲ. 826ರಲ್ಲಿ ವೆನಿಸ್ಸಿನ ಪಾದ್ರಿ ಜಾರ್ಜಿಯಸ್ ಆಖೆನ್‌ನಲ್ಲಿ ಲೂಯಿ ಚಕ್ರವರ್ತಿಗಾಗಿ ಇನ್ನೊಂದನ್ನು ಕಟ್ಟಿಕೊಟ್ಟನು. ಹತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ವಾದ್ಯವು ಮಠಗಳೊಳಗೆ ನೆಲೆಯೂರಿತ್ತು. ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿದ್ದ ಆರ್ಗನ್ನಿಗೆ 400 ಕೊಳವೆ, 26 ತಿದಿಗಳಿದ್ದವೆಂದೂ ತಿದಿಯೊತ್ತಲು 70 ಜನ ಬೆವರು ಸುರಿಸುತ್ತಿದ್ದರೆಂದೂ ಅಲ್ಲಿಯ ಸಂನ್ಯಾಸಿ ವುಲ್ಫ್‌ಸ್ಟನ್ ಪದ್ಯರೂಪದಲ್ಲಿ ವರ್ಣಿಸಿದ್ದಾನೆ. ಸಂಖ್ಯೆಯಲ್ಲಿ ಕವಿಸಹಜವಾದ ಉತ್ಪ್ರೇಕ್ಷೆ ಇದ್ದರೂ, ನಗರವೆಲ್ಲ ಕೇಳುವಂತಿದ್ದ ಆ ಅಬ್ಬರದ ಬಗೆಗಿನ ಅವನ ಬೆರಗು ನಿಜವಾದುದು. ಅದೇ ಅಬ್ಬರವನ್ನು ಹನ್ನೆರಡನೆಯ ಶತಮಾನದಲ್ಲಿ ರೀವೋ ಮಠದ ಅಧಿಪತಿ ಏಲ್ರೆಡ್ ಆಕ್ಷೇಪಿಸಿದ್ದು, ತಿದಿಗಳ ಗುಡುಗು ಭಕ್ತರಲ್ಲಿ ವಿಸ್ಮಯವನ್ನು ಹುಟ್ಟಿಸಬಹುದೇ ವಿನಾ ಧ್ಯಾನವನ್ನಲ್ಲ ಎಂಬ ಕಳವಳದಿಂದ.

ಹದಿನಾರನೆಯ ಶತಮಾನದ ಧರ್ಮಸುಧಾರಣೆಯಲ್ಲಿ ಈ ಕಳವಳ ಕೊಡಲಿಯ ರೂಪ ತಾಳಿತು. ಸಂಗೀತವನ್ನು ದೇವರ ವರವೆಂದು ಭಾವಿಸಿದ್ದ ಲೂಥರ್ ಒಂದೆಡೆಗಿದ್ದರೆ, ಹಲವು ವಾದ್ಯಗಳನ್ನು ಬಲ್ಲ ನುರಿತ ಸಂಗೀತಗಾರನೇ ಆಗಿದ್ದ ಜೂರಿಕ್‌ನ ಜ್ವಿಂಗ್ಲಿ ಧರ್ಮಗ್ರಂಥದ ಸ್ಪಷ್ಟ ಅಪ್ಪಣೆಯಿಲ್ಲದ ಯಾವುದೂ ಆರಾಧನೆಯಲ್ಲಿ ಇರಕೂಡದೆಂಬ ನಿಲುವಿನಿಂದ ಅಲ್ಲಿಯ ಆರ್ಗನ್ನುಗಳನ್ನು ಮೌನವಾಗಿಸಿದನು. 1527ರಲ್ಲಿ ಗ್ರೋಸ್‌ಮ್ಯೂನ್‌ಸ್ಟರ್ ಚರ್ಚಿನ ಆರ್ಗನ್ನನ್ನು ಕಳಚಿಹಾಕಲಾಯಿತು. ತಾನು ಪ್ರೀತಿಸಿದ್ದನ್ನೇ ತತ್ತ್ವಕ್ಕಾಗಿ ತ್ಯಜಿಸಿದ ಜ್ವಿಂಗ್ಲಿಯ ನಿಷ್ಠೆಯನ್ನು ಸಂಗೀತದ್ವೇಷವೆಂದು ಕರೆಯುವುದು ಅನ್ಯಾಯವಾದೀತು. ನೆದರ್‌ಲ್ಯಾಂಡ್ಸ್‌ನಲ್ಲಿ ಆದದ್ದು ಬೇರೆ. ಅಲ್ಲಿ ಆರ್ಗನ್ನುಗಳು ನಗರಸಭೆಗಳ ಆಸ್ತಿಯಾಗಿದ್ದುದರಿಂದ ಪಾದ್ರಿಗಳ ವಿರೋಧವಿದ್ದರೂ ಉಳಿದುಕೊಂಡವು. ಆಮ್‌ಸ್ಟರ್‌ಡ್ಯಾಮಿನ ಔಡೆ ಕೆರ್ಕ್ ಚರ್ಚಿನಲ್ಲಿ ಯಾನ್ ಪೀಟರ್‌ಜೂನ್ ಸ್ವೇಲಿಂಕ್ ನಗರದ ಸಂಬಳದಾರನಾಗಿ, ಆರಾಧನೆಯ ಹೊರಗಿನ ವೇಳೆಯಲ್ಲಿ, ನಾಗರಿಕರಿಗಾಗಿ ನುಡಿಸುತ್ತಿದ್ದನು. ಆರಾಧನೆಯಲ್ಲಿ ಸಭಿಕರು ಹಿಮ್ಮೇಳವಿಲ್ಲದೆ ಹಾಡುತ್ತಿದ್ದ ಕೀರ್ತನೆಗಳು ಶ್ರುತಿತಪ್ಪಿ ಎಳೆದಾಡುತ್ತಿದ್ದುದನ್ನು ಸಹಿಸದೆ, 1641ರಲ್ಲಿ ಕವಿ ಮತ್ತು ರಾಜನೀತಿಜ್ಞ ಕಾನ್‌ಸ್ಟಂಟೈನ್ ಹೊಯ್ಖೆನ್ಸ್ ಆರ್ಗನ್ನನ್ನೇ ಆ ಹಾಡಿಗೆ ಆಧಾರವಾಗಿಸಬೇಕೆಂದು ಪುಸ್ತಕವೊಂದನ್ನು ಪ್ರಕಟಿಸಿದನು. ವಾದ್ಯವು ಭಕ್ತರ ಕಂಠವನ್ನು ಮುಚ್ಚುವ ಬದಲು ಅದನ್ನು ಎತ್ತಿಹಿಡಿಯಬಲ್ಲದೆಂಬ ಈ ವಾದವೇ ಅದರ ಪರವಾಗಿ ಮಂಡಿತವಾದ ವಾದಗಳಲ್ಲೆಲ್ಲ ಹೆಚ್ಚು ಗಟ್ಟಿಯಾದುದು.

ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಬಹುಮಟ್ಟಿಗೆ ಇಂದಿಗೂ ಕಂಠಸಂಗೀತವನ್ನೇ ಉಳಿಸಿಕೊಂಡಿವೆ. ಇಥಿಯೋಪಿಯಾದ ಪುರಾತನ ಚರ್ಚಿನಲ್ಲಾದರೋ ಕೆಬೆರೊ ಎಂಬ ದೊಡ್ಡ ಚರ್ಮವಾದ್ಯ ಮತ್ತು ಕೈಯಲ್ಲಿ ಹಿಡಿದು ಅಲುಗಿಸುವ ಲೋಹದ ಗಿಲಕಿಗಳ ಲಯಕ್ಕೆ ಹಾಡುಗಾರ ಪಂಡಿತರು ಹೆಜ್ಜೆ ಹಾಕುತ್ತಾರೆ. ಹೀಗಿರುವಾಗ ರೋಮಿನ ಹತ್ತನೆಯ ಪಿಯುಸ್ ಪೋಪರು 1903ರ ಆದೇಶದಲ್ಲಿ ಪಿಯಾನೊವನ್ನೂ ಡೋಲು, ತಾಳಗಳಂಥ ಸದ್ದಿನ ವಾದ್ಯಗಳನ್ನೂ ಚರ್ಚಿನಿಂದ ಹೊರಗಿಟ್ಟದ್ದು ಯುರೋಪಿನ ಕಿವಿಯ ತೀರ್ಪೆನ್ನದೆ ವಿಧಿಯಿಲ್ಲ. ನಾಟಕಶಾಲೆಯ ಸಂಗೀತ ಚರ್ಚಿಗೆ ನುಗ್ಗಿದೆಯೆಂಬ ಆತಂಕ ಆ ಆದೇಶದ ಹಿಂದಿತ್ತು.

ಭಾರತಕ್ಕೆ ಈ ಚರಿತ್ರೆ ತಲುಪಿದ ಬಗೆಗಳಲ್ಲಿ ಒಂದು ಹಾರ್ಮೋನಿಯಂ ಮೂಲಕ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆನ್ ಹಕ್ಕುಪತ್ರ ಪಡೆದ ಈ ವಾದ್ಯದಲ್ಲಿ ಎತ್ತರದ ಕೊಳವೆಗಳ ಬದಲು ಗಾಳಿಗೆ ಕಂಪಿಸುವ ಲೋಹದ ಸಣ್ಣ ಪಟ್ಟಿಗಳಿದ್ದುದರಿಂದ ಅದು ಅಗ್ಗವಾಗಿಯೂ ಸಾಗಿಸಲು ಸುಲಭವಾಗಿಯೂ ಇದ್ದು, ಮಿಷನರಿಗಳ ಸಾಮಾನಿನೊಡನೆ ಹಡಗೇರಿ ಬಂದಿತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಕಾಲಿನ ತಿದಿಯ ಬದಲು ಕೈತಿದಿಯನ್ನಿಟ್ಟು ನೆಲದ ಮೇಲೆ ಕುಳಿತು ನುಡಿಸುವಂತೆ ಮಾರ್ಪಡಿಸಿದ ನಂತರ ಅದು ಭಜನೆ, ಹರಿಕಥೆ, ಕಂಪನಿ ನಾಟಕಗಳ ಸಂಗಾತಿಯಾಯಿತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಕೊಳವೆ ಆರ್ಗನ್ನಿನ ಗೌರವವನ್ನು ಎತ್ತಿಹಿಡಿಯುತ್ತಲೇ, ಆಯಾ ಜನಾಂಗದ ಸಂಗೀತಪರಂಪರೆಗೆ ಮನ್ನಣೆ ನೀಡಿ, ದೇವಾಲಯದ ಘನತೆಗೆ ತಕ್ಕ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಲತೀನಿನ ಜಾಗಕ್ಕೆ ಕನ್ನಡ ಬಂದ ಆ ಕಾಲದಲ್ಲಿ, ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿ ಕೇಂದ್ರವು ಭಾರತೀಯ ಸಂಗೀತಕ್ಕೆ ಆರಾಧನೆಯಲ್ಲಿ ಸ್ಥಾನ ಕಲ್ಪಿಸಲು ಶ್ರಮಿಸಿತು. ಕನ್ನಡ ಬಲಿಪೂಜೆಯ ಗಾಯನಕ್ಕೆ ಹಾರ್ಮೋನಿಯಂ ಈಗ ನೆಲದ ವಾದ್ಯವೆಂದೇ ಜೊತೆಗೂಡುತ್ತಿದೆ, ಮತ್ತು ಅದರ ಪಕ್ಕದಲ್ಲಿ, 1903ರ ಆದೇಶ ದೂರವಿರಿಸಿದ್ದ ಚರ್ಮವಾದ್ಯಗಳ ಬಳಗಕ್ಕೆ ಸೇರಿದ ತಬಲಾ ಇದೆ.