ಕಾವಲಿಗೆ ಬಂದ ಎರಡನೇ ಹಾರ್ಮೋನು

ಮುಟ್ಟು ನಿಂತ ಹೆಂಗಸರಿಗೆ ಎರಡು ಹಾರ್ಮೋನುಗಳನ್ನು ಜೊತೆಯಾಗಿ ಕೊಡುವ ರೂಢಿ ಮೊದಲೇ ಯೋಚಿಸಿ ಶುರುಮಾಡಿದ್ದಲ್ಲ. ಮೊದಲನೆಯದರ ಹಾನಿ ತಡೆಯಲೆಂದು ಎರಡನೆಯದು ಬಂದು ಸೇರಿತು. ಅಮೆರಿಕದಲ್ಲಿ 1942ರಲ್ಲಿ ಅನುಮತಿ ಪಡೆದ ಪ್ರೆಮರಿನ್ ಗುಳಿಗೆಯಲ್ಲಿದ್ದದ್ದು ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜೆನ್. ಇದ್ದಕ್ಕಿದ್ದಂತೆ ಮೈ ಕಾವೇರಿ, ನಡುರಾತ್ರಿ ಬೆವರಿನಲ್ಲಿ ಹಾಸಿಗೆ ತೊಯ್ಯುವ ಸಂಕಟಕ್ಕೆ ಅದು ನಿಜವಾದ ಮದ್ದು. ಆದರೆ 1966ರಲ್ಲಿ ವೈದ್ಯ ರಾಬರ್ಟ್ ವಿಲ್ಸನ್ ‘ಫೆಮಿನೈನ್ ಫಾರೆವರ್’ ಪುಸ್ತಕದಲ್ಲಿ ಋತುಬಂಧವನ್ನೇ ಕೊರತೆಯ ಕಾಯಿಲೆ ಎಂದು ಸಾರಿದ ಮೇಲೆ, ಸಂಕಟವೇ ಇಲ್ಲದವರಿಗೂ ಗುಳಿಗೆ ಬೇಕೆನಿಸತೊಡಗಿತು. 1975ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಈಸ್ಟ್ರೋಜೆನ್ ನುಂಗುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚೆಂದು ತೋರಿಸಿದವು. ಆ ಪದರ ಅತಿಯಾಗಿ ಬೆಳೆಯದಂತೆ ಎರಡನೆಯ ಹಾರ್ಮೋನಾದ ಪ್ರೊಜೆಸ್ಟಿನ್ ತಡೆಯುತ್ತದೆ. ಹಾಗಾಗಿ ಗರ್ಭಕೋಶ ಉಳಿದಿದ್ದವರಿಗೆ ಅದನ್ನೂ ಸೇರಿಸಿ ಕೊಟ್ಟರು. ಕಾವಲಿಗೆ ಬಂದದ್ದು ಉಳಿದ ದೇಹಕ್ಕೆ ಏನು ಮಾಡೀತು ಎಂಬ ಪ್ರಶ್ನೆಗೆ ದೊಡ್ಡ ಪ್ರಮಾಣದ ಪರೀಕ್ಷೆ ನಡೆಯಲು ಕಾಲು ಶತಮಾನವೇ ಹಿಡಿಯಿತು.

ಅಷ್ಟರಲ್ಲಿ ಹಾರ್ಮೋನು ಹೃದಯವನ್ನೂ ಕಾಯುತ್ತದೆ ಎಂಬ ನಂಬಿಕೆ ಬಲಿತಿತ್ತು. ನುಂಗುವವರಿಗೆ ಹೃದಯಾಘಾತ ಕಡಿಮೆ ಎಂದು ಅಮೆರಿಕದ ನರ್ಸುಗಳ ದೀರ್ಘ ಅಧ್ಯಯನ ಹೇಳಿದ್ದೇನೋ ಹೌದು. ಆದರೆ ತಾವಾಗಿ ಮಾತ್ರೆ ಆಯ್ದುಕೊಂಡವರು ಮೊದಲೇ ಹೆಚ್ಚು ಆರೋಗ್ಯವಂತರಾಗಿದ್ದಿರಬಹುದು. ಚೀಟಿ ಎತ್ತಿದಂತೆ ಗುಂಪು ಮಾಡಿ, ಅರ್ಧ ಜನಕ್ಕೆ ಹುಸಿ ಗುಳಿಗೆ ಕೊಟ್ಟು ನೋಡಿದರಷ್ಟೇ ಆ ಅನುಮಾನ ಕಳೆಯುತ್ತದೆ. ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಅಮೆರಿಕದ ಸಂಶೋಧನಾ ಯೋಜನೆ 16,608 ಹೆಂಗಸರಲ್ಲಿ ಮಾಡಿದ್ದು ಅದನ್ನೇ. 2002ರ ಜುಲೈನಲ್ಲಿ, ಸರಾಸರಿ 5.2 ವರ್ಷಕ್ಕೇ, ಜೋಡಿ ಮದ್ದಿನ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ವರ್ಷಕ್ಕೆ 10,000 ಮಂದಿಯಲ್ಲಿ ಸ್ತನ ಕ್ಯಾನ್ಸರ್ 8, ಪಾರ್ಶ್ವವಾಯು 8, ಹೃದಯದ ತೊಂದರೆ 7 ಹೆಚ್ಚಾಗಿದ್ದವು. ಸೊಂಟದ ಮೂಳೆ ಮುರಿತ 5 ಕಡಿಮೆಯಾಗಿತ್ತು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ: ಭಾಗವಹಿಸಿದವರ ಸರಾಸರಿ ವಯಸ್ಸು 63, ಮುಟ್ಟು ನಿಂತು ಎಷ್ಟೋ ವರ್ಷವಾದವರೇ ಹೆಚ್ಚು, ಐವತ್ತರ ಹೆಂಗಸಿಗೆ ಇದು ಹೇಗೆ ಅನ್ವಯಿಸೀತು? ಮಾತು ಸರಿ. ಸಂಕಟದಲ್ಲಿದ್ದ ಐವತ್ತರವರೂ ಹೆದರಿ ಮದ್ದು ಬಿಟ್ಟದ್ದು ಅನ್ಯಾಯವೇ. ಆದರೆ ಪ್ರಯೋಗ ಒರೆಗೆ ಹಚ್ಚಿದ್ದು ಮೈಕಾವಿನ ಶಮನವನ್ನಲ್ಲ, ಮುಪ್ಪಿನ ರೋಗಗಳನ್ನು ತಡೆಯುತ್ತೇನೆಂಬ ಭರವಸೆಯನ್ನು. ಆ ಭರವಸೆ ನಿಲ್ಲಲಿಲ್ಲ. ಗರ್ಭಕೋಶ ತೆಗೆಸಿಕೊಂಡ 10,739 ಮಂದಿಗೆ ಈಸ್ಟ್ರೋಜೆನ್ ಒಂದನ್ನೇ ಪರೀಕ್ಷಿಸಿದ ಇನ್ನೊಂದು ಪ್ರಯೋಗ 2004ರಲ್ಲಿ ನಿಂತಾಗ ಅಲ್ಲೂ ಪಾರ್ಶ್ವವಾಯು ಹೆಚ್ಚಿತ್ತು, ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ. ಸಂಶಯ ಈಗ ಕಾವಲಿಗೆಂದು ಸೇರಿಸಿದ ಪ್ರೊಜೆಸ್ಟಿನ್ ಕಡೆಗೇ ತಿರುಗಿತು.